ಬ್ರೈಟನ್ನಿನ ರಾಯಲ್ ಪೆವಿಲಿಯನ್: ಟಿಕೆಟ್ ತೆಗೆಯುವ ಮುನ್ನ

ಇಂಗ್ಲೆಂಡಿನ ಕಡಲತೀರದ ಊರು ಬ್ರೈಟನ್ನಿನಲ್ಲಿರುವ ರಾಯಲ್ ಪೆವಿಲಿಯನ್ ಹಿಂದೆ ಬ್ರಿಟಿಷ್ ರಾಜರ ಅರಮನೆ. ಅದರ ವೈಭವ ನೋಡಲು ಹೋಗುವವರಿಗೆ ಟಿಕೆಟ್ಟಿನಲ್ಲಿ ಮೋಸವಿಲ್ಲ. ಮೊದಲ ಮಹಾಯುದ್ಧದಲ್ಲಿ, 1914ರ ಡಿಸೆಂಬರಿನಿಂದ 1916ರ ಆರಂಭದವರೆಗೆ, ಇದು ಗಾಯಾಳು ಭಾರತೀಯ ಸಿಪಾಯಿಗಳ ಆಸ್ಪತ್ರೆಯಾಗಿತ್ತು. ಅದನ್ನೇ ನೋಡಬೇಕೆಂದು ಹೋಗುವವರು ಮಾತ್ರ ಕೊಂಚ ತಿಳಿದುಕೊಂಡು ಹೋಗಬೇಕು. ಅದಕ್ಕೆ ಮೀಸಲಾದ ಗ್ಯಾಲರಿ ಚಿಕ್ಕದು. ಔತಣದ ಹಾಲ್, ಸಂಗೀತದ ಹಾಲ್ ಎಲ್ಲ ಸುತ್ತಿ ಕಾಲು ಸೋತ ಮೇಲೆ ಬಂದರೆ ಐದು ನಿಮಿಷದಲ್ಲಿ ದಾಟಿಬಿಡುತ್ತೀರಿ.

ದೊಡ್ಡ ಅಡುಗೆಮನೆಯಲ್ಲಿ ಮಾತ್ರ ನಿಲ್ಲಲೇಬೇಕು. ಕಬ್ಬಿಣದ ಕಂಬಗಳ ತುದಿಯಲ್ಲಿ ತಾಮ್ರದ ತಾಳೆಗರಿಗಳಿವೆ. ಅವುಗಳ ಕೆಳಗೇ ಆಪರೇಷನ್ ಥಿಯೇಟರ್ ಇತ್ತು. ಸಿಪಾಯಿಗಳ ಅಡುಗೆ ನಡೆದದ್ದು ಹೊರಗೆ, ಜಾತಿ-ಮತಕ್ಕೆ ತಕ್ಕಂತೆ ಒಂಬತ್ತು ಅಡುಗೆಮನೆಗಳಲ್ಲಿ. ವಾರ್ಡುಗಳಲ್ಲಿ ಹಿಂದೂಗಳಿಗೊಂದು, ಮುಸ್ಲಿಮರಿಗೊಂದು ನಲ್ಲಿ. ಫಲಕಗಳು ಉರ್ದು, ಹಿಂದಿ, ಗುರುಮುಖಿಯಲ್ಲಿ. ಸಿಖ್ಖರ ಪ್ರಾರ್ಥನೆಗೆ ಹುಲ್ಲುಹಾಸಿನ ಮೇಲೆ ಡೇರೆ. ಧರ್ಮಕ್ಕೆ ಕೈ ಹಾಕಿದರೆ ಏನಾಗುತ್ತದೆಂದು 1857ರಲ್ಲೇ ಪಾಠ ಕಲಿತಿದ್ದ ಸರ್ಕಾರವಲ್ಲವೇ!

ಫೋಟೋಗಳನ್ನು ನೋಡುವಾಗ ಎಚ್ಚರವಿರಲಿ. ಮಿರುಗುವ ಛಾವಣಿಯಡಿ ಸಾಲು ಮಂಚಗಳ ಈ ಚಿತ್ರಗಳು ಪ್ರಚಾರದ ಸರಕು. ಚಕ್ರವರ್ತಿ ತನ್ನ ಅರಮನೆಯನ್ನೇ ಬಿಟ್ಟುಕೊಟ್ಟನೆಂಬ ಸುದ್ದಿ ಭಾರತದ ಹಳ್ಳಿಹಳ್ಳಿಗೆ ಮುಟ್ಟಬೇಕಿತ್ತು. ಅಸಲಿಗೆ ಕಟ್ಟಡ 1850ರಲ್ಲೇ ಊರಿನ ಪಾಲಾಗಿತ್ತು.

ಇದೇ ತೋಟದಲ್ಲಿ 1915ರ ಆಗಸ್ಟಿನಲ್ಲಿ ಐದನೇ ಜಾರ್ಜ್ ದೊರೆ ಜಮಾದಾರ್ ಮೀರ್ ದಸ್ತ್‌ನ ಎದೆಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ತೊಡಿಸಿದ. ಅದೇ ವರ್ಷ ಇಂಗ್ಲಿಷ್ ನರ್ಸೊಬ್ಬಳು ಗಾಯಾಳು ಸಿಪಾಯಿಯ ಪಕ್ಕ ನಿಂತ ಫೋಟೋ ಪತ್ರಿಕೆಯಲ್ಲಿ ಬಂದು ದೊಡ್ಡ ರಗಳೆಯಾಯಿತು; ಯುದ್ಧ ಇಲಾಖೆ ಭಾರತೀಯರ ಆಸ್ಪತ್ರೆಗಳಿಂದ ನರ್ಸುಗಳನ್ನು ಹಿಂತೆಗೆಯಲು ಮುಂದಾಯಿತು. ಊರಿನ ಜನ ಕುತೂಹಲದಿಂದಲೋ ಅಕ್ಕರೆಯಿಂದಲೋ ಮುಗಿಬೀಳುತ್ತಿದ್ದರು, ಅಧಿಕಾರಿಗಳಿಗೆ ಭಯ ಇದ್ದದ್ದು ಅದರದ್ದೇ. ಊರಿನ ಇನ್ನೊಂದು ಆಸ್ಪತ್ರೆಯಾದ ಕಿಚನರ್‌ನಲ್ಲಿ ಮುಳ್ಳುತಂತಿ, ಕಾವಲು. ಅದನ್ನು ಜೈಲೆಂದೇ ಕರೆದು ತಮ್ಮ ಊರಿಗೆ ಕಾಗದ ಬರೆದ ಸಿಪಾಯಿಗಳಿದ್ದಾರೆ. ಸೆನ್ಸಾರ್ ಅಧಿಕಾರಿಗಳು ಭಾಷಾಂತರಿಸಿಟ್ಟ ಇಂಥ ಕಾಗದಗಳ ಭಾಗಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವನ್ನು ಒಂದಿಷ್ಟು ಓದಿಕೊಂಡು ಹೋದರೆ ಗ್ಯಾಲರಿಯ ಫೋಟೋಗಳು ಬೇರೆಯೇ ಕಾಣುತ್ತವೆ.

ಲಂಡನ್ ವಿಕ್ಟೋರಿಯಾದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಹೊರಬರುವಾಗ ದಕ್ಷಿಣದ ದ್ವಾರ ನೋಡಿ. ಭಾರತದ ಕಾಣಿಕೆಯಾದ ಇದನ್ನು 1921ರಲ್ಲಿ ಪಟಿಯಾಲದ ಮಹಾರಾಜ ಅನಾವರಣ ಮಾಡಿದ್ದು. ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್‌ನವರನ್ನು ಇಲ್ಲಿ ಹುಡುಕಬೇಡಿ. ಅವರು ಕಾದಾಡಿದ್ದು ಇಂದಿನ ಇಸ್ರೇಲಿನ ಹೈಫಾ ಕಡೆ, ಅವರ ಸ್ಮಾರಕ ದೆಹಲಿಯ ತೀನ್ ಮೂರ್ತಿಯಲ್ಲಿದೆ.

ಸಮಯವಿದ್ದರೆ ಊರ ಹೊರಗಿನ ಗುಡ್ಡದ ಮೇಲಿರುವ ‘ಛತ್ರಿ’ ಎಂಬ ಸಿಪಾಯಿಗಳ ಸ್ಮಾರಕಕ್ಕೆ ಅರ್ಧ ದಿನ ಕೊಡಿ. ಟಿಕೆಟ್ಟಿಲ್ಲ. ಊರಂಚಿನ ಪ್ಯಾಚಮ್‌ವರೆಗೆ ಬಸ್ಸು, ಆಮೇಲೆ ಗುಡ್ಡದ ದಾರಿಯಲ್ಲಿ ನಡಿಗೆ. ಕಾರು ಮೇಲಕ್ಕೆ ಹೋಗುವುದಿಲ್ಲ. 53 ಮಂದಿ ಹಿಂದೂ-ಸಿಖ್ ಸಿಪಾಯಿಗಳ ದಹನ ನಡೆದ ಜಾಗದಲ್ಲಿ ಬಿಳಿ ಅಮೃತಶಿಲೆಯ ಮಂಟಪ. ಪಕ್ಕದ ಗೋಡೆಯಲ್ಲಿ ಅವರ ಹೆಸರುಗಳಿವೆ, ಆದರೆ 2010ರಿಂದ ಈಚೆಗೆ ಮಾತ್ರ. ಮುಸ್ಲಿಮರನ್ನು ಮಣ್ಣು ಮಾಡಿದ್ದು ದೂರದ ವೋಕಿಂಗ್‌ನಲ್ಲಿ. ಮೇಲೆ ನೆರಳಿಲ್ಲ, ಅಂಗಡಿಯಿಲ್ಲ; ನೀರು ಜೊತೆಗಿರಲಿ. ಮಳೆಯ ಮರುದಿನ ದಾರಿ ಪೂರಾ ಕೆಸರು, ಚಪ್ಪಲಿಯಲ್ಲಿ ಹೊರಡಬೇಡಿ.