ಮಳೆಗಾಲದಲ್ಲಿ ಬೀಗ ಹಾಕಿದ ಮನೆ: ಶಿರಸಿಯ ಒಂದು ಮನೆಗಾವಲು ಸೇವೆಯ ಕುರಿತು

ವಾಸವಿಲ್ಲದೆ ಬೀಗ ಬಿದ್ದಿರುವ ಹಳೆಯ ಮನೆಗಳನ್ನು ಮಳೆಗಾಲದ ನಾಲ್ಕು ತಿಂಗಳು ನೋಡಿಕೊಳ್ಳುವುದನ್ನೇ ಕೆಲಸವಾಗಿ ಮಾಡಿಕೊಂಡಿರುವ ಯುವಕರ ಸಣ್ಣ ತಂಡವೊಂದು ಶಿರಸಿಯಲ್ಲಿದೆ. ತಂಡಕ್ಕೆ ಇನ್ನೂ ಹೆಸರೂ ಇಲ್ಲ, ಅಂಗಡಿಯೂ ಇಲ್ಲ. ಅವರಿಗೆ ಕೆಲಸ ಸಿಗುತ್ತಿರುವುದು ಬಾಯಿಮಾತಿನಿಂದಲೇ. ನಾವು ಕಾರವಾರದಲ್ಲಿ ನೆಲೆಸಿದ್ದೇವೆ. ಹಿರಿಯರ ಮನೆ ಇರುವುದು ಶಿರಸಿ–ಕುಮಟಾ ರಸ್ತೆಯಲ್ಲಿ, ದೇವಿಮನೆ ಘಟ್ಟ ಇಳಿಯುವುದಕ್ಕೆ ಮೊದಲು ಸಿಗುವ ಹಳ್ಳಿಯೊಂದರಲ್ಲಿ. ಮಳೆ ಹಿಡಿದ ಮೇಲೆ ಆ ಘಟ್ಟದಲ್ಲಿ ಯಾವ ದಿನ ಸಂಚಾರ ನಿಲ್ಲುತ್ತದೆಂದು ಹೇಳಲು ಬರುವುದಿಲ್ಲವಾದ್ದರಿಂದ, ಕಳೆದ ಮಳೆಗಾಲ ಪೂರ್ತಿ ಮನೆಯನ್ನು ಈ ತಂಡಕ್ಕೆ ಒಪ್ಪಿಸಿದ್ದೆವು. ಅವರ ಕೆಲಸದಲ್ಲಿ ಯಾವುದು ಚೆನ್ನಾಗಿತ್ತು, ಯಾವುದು ಸಾಲದಾಯಿತು ಎಂಬುದನ್ನು ಇಂಥದೇ ಮನೆಯುಳ್ಳವರಿಗಾಗಿ ಬರೆಯುತ್ತಿದ್ದೇನೆ.

ಈ ಏರ್ಪಾಟಿಗೆ ನಮ್ಮನ್ನು ಒತ್ತಾಯಿಸಿದವಳು ಕೆನಡಾದ ವಿನ್ನಿಪೆಗ್‌ನಲ್ಲಿರುವ ಅಣ್ಣನ ಮಗಳು. ಅಲ್ಲಿ ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿಯುವುದುಂಟು. ಹೆಪ್ಪುಗಟ್ಟಿದ ನೀರು ಸುಮಾರು ಶೇ. 9ರಷ್ಟು ಹಿಗ್ಗುವುದರಿಂದ ಗೋಡೆಯೊಳಗಿನ ಕೊಳವೆಗಳು ಒಡೆಯುತ್ತವೆ. ಕರಗಿದ ಮೇಲೆ ನೀರು ಮನೆಯೆಲ್ಲ ತುಂಬುತ್ತದೆ. ಆದ್ದರಿಂದ ಮನೆ ಬಿಟ್ಟು ಹೋಗುವವರು ಮುಖ್ಯ ಕೊಳವೆಯನ್ನು ಮುಚ್ಚಿ, ನಲ್ಲಿಗಳನ್ನೆಲ್ಲ ತೆರೆದು ನೀರನ್ನು ಬಸಿದು, ಒಳಗಿನ ಉಷ್ಣಾಂಶ 13 ಡಿಗ್ರಿಯ ಆಸುಪಾಸಿನಲ್ಲಿ ಉಳಿಯುವಂತೆ ಹೀಟರ್ ನಡೆಸುತ್ತಾರೆ. ಇಷ್ಟೆಲ್ಲ ಮಾಡಿದ ಮೇಲೂ ಯಾರಾದರೂ ಆಗಾಗ ಒಳಗೆ ಹೋಗಿ ನೋಡಿ ಬರಬೇಕೆಂದು ಅಲ್ಲಿನ ಅನೇಕ ವಿಮಾ ಕರಾರುಗಳು ಷರತ್ತು ಹಾಕುತ್ತವೆ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಮಾತಿಲ್ಲ, ಆದರೆ ಖಾಲಿ ಮನೆಯನ್ನು ಕೆಡಿಸುವುದು ಇಲ್ಲಿಯೂ ಯಾರ ಕಣ್ಣಿಗೂ ಬೀಳದ ನೀರೇ ಎಂಬ ಅವಳ ಮಾತು ನಮಗೆ ಸರಿಯೆನಿಸಿತು.

ತಂಡದ ಮೊದಲ ಕೆಲಸ ಮೇ ತಿಂಗಳಿನಲ್ಲಿ ಹಂಚು ಕೈಯಾಡಿಸುವುದು. ನಮ್ಮದು ಮಂಗಳೂರು ಹಂಚಿನ ಮಾಡು. ಬೇಸಿಗೆಯಲ್ಲಿ ಮಂಗಗಳ ಹಾರಾಟದಿಂದ ಒಡೆದವು, ಜರುಗಿದವು, ಕೂದಲೆಳೆಯಷ್ಟು ಬಿರುಕು ಬಿಟ್ಟವು ಎಲ್ಲವನ್ನೂ ಕೆಳಗಿನಿಂದ ನೋಡಿ ತಿಳಿಯುವುದು ಕಷ್ಟ. ಇವರು ಸಾಲು ಸಾಲಾಗಿ ಹಂಚುಗಳನ್ನು ಎತ್ತಿ, ಕೈಯಿಂದ ತಟ್ಟಿ ಸದ್ದು ಕೇಳಿ, ಬಿರುಕಿದ್ದವನ್ನು ಬೇರೆ ಇಟ್ಟರು. ಹಂಚಿನ ಅಡಿಯ ರೀಪುಗಳಲ್ಲಿ ಮೆತ್ತಗಾದವನ್ನು ಬದಲಿಸಿದರು. ಎರಡು ಮಾಡುಗಳು ಕೂಡುವ ಮೂಲೆಯಲ್ಲಿರುವ ತಗಡಿನ ದೋಣಿಯಲ್ಲಿ ತರಗೆಲೆ ಗೊಬ್ಬರವಾಗಿ ಕುಳಿತಿದ್ದುದನ್ನು ಬಾಚಿ ತೆಗೆದು, ತೂತಾದಲ್ಲಿ ಹೊಸ ತಗಡು ಹಾಕಿದರು. ಹಂಚಿನ ಮನೆ ಸೋರುವುದು ಹೆಚ್ಚಾಗಿ ಈ ಮೂಲೆಯಿಂದ. ಅಲ್ಲಿ ಇಳಿದ ನೀರು ಪಕಾಸಿನ (ಮಾಡಿನ ಓರೆ ತೊಲೆಯ) ಗುಂಟ ಹರಿದು ಎಲ್ಲೋ ದೂರದ ಗೋಡೆಯಲ್ಲಿ ಕಾಣಿಸಿಕೊಳ್ಳುವುದರಿಂದ ಮೂಲ ಹುಡುಕುವುದರಲ್ಲೇ ಮಳೆಗಾಲ ಕಳೆದುಹೋಗುತ್ತದೆ. ಮೃಗಶಿರ ಮಳೆ ಹಿಡಿಯುವ ಮೊದಲು ಈ ಕೆಲಸ ಮುಗಿಸಿಕೊಟ್ಟರು. ಆರಿದ್ರೆಯ ಜೋರು ಮಳೆಯಲ್ಲೂ ಮಾಡು ಸೋರಲಿಲ್ಲ.

ಆದರೆ ನಾನು ಈ ತಂಡವನ್ನು ಮೆಚ್ಚಿರುವುದು ಹಂಚಿನ ಕೆಲಸಕ್ಕಾಗಿ ಅಲ್ಲ. ಅದನ್ನು ಬಲ್ಲ ಕೆಲಸಗಾರರು ಊರಿನಲ್ಲಿ ಇನ್ನೂ ಸಿಗುತ್ತಾರೆ. ಇವರು ವಾರಕ್ಕೊಮ್ಮೆ ಬಂದು ಮನೆಯ ಬಾಗಿಲು, ಕಿಟಕಿಗಳನ್ನೆಲ್ಲ ತೆರೆದು, ಅಡುಗೆಮನೆಯ ಒಲೆಗೂ ಬಚ್ಚಲೊಲೆಗೂ ಬೆಂಕಿ ಹಾಕಿ, ಅರ್ಧ ದಿನ ಮನೆಯಲ್ಲೇ ಇದ್ದು ಹೋಗುತ್ತಾರೆ. ಇದೇ ಈ ಸೇವೆಯ ಜೀವಾಳ. ಮನೆ ಕಾಯುವುದೆಂದರೆ ಭದ್ರವಾಗಿ ಮುಚ್ಚುವುದು ಎಂದು ಬಹಳ ಜನ ತಿಳಿದಿದ್ದಾರೆ. ಮಳೆಗಾಲದಲ್ಲಿ ಘಟ್ಟದ ಮೇಲಾಗಲಿ ಕರಾವಳಿಯಲ್ಲಾಗಲಿ ಗಾಳಿಯ ತೇವಾಂಶ ದಿನಗಟ್ಟಲೆ ಶೇ. 90ರ ಸುತ್ತಮುತ್ತ ಇರುತ್ತದೆ, ಬೂಷ್ಟು ಬೆಳೆಯಲು ಶೇ. 70–80 ಇದ್ದರೂ ಸಾಕು. ಮುಚ್ಚಿದ ಕೋಣೆಯಲ್ಲಿ ಗೋಡೆಯಿಂದಲೂ ನೆಲದಿಂದಲೂ ಬಿಡುಗಡೆಯಾದ ತೇವ ಹೊರಹೋಗಲು ದಾರಿಯಿಲ್ಲದೆ ಬಟ್ಟೆ, ಪುಸ್ತಕ, ಮರದ ಪೆಟ್ಟಿಗೆಗಳನ್ನು ಹಿಡಿಯುತ್ತದೆ. ಒಲೆ ಉರಿದರೆ ಬಿಸಿಗಾಳಿಯೂ ಹೊಗೆಯೂ ಅಟ್ಟಕ್ಕೇರಿ ಹಂಚಿನ ಸಂದಿಗಳಿಂದ ಹೊರಬೀಳುತ್ತವೆ, ದಾರಿಯಲ್ಲಿ ಪಕಾಸು, ರೀಪುಗಳನ್ನು ಒಣಗಿಸುತ್ತವೆ. ನಮ್ಮ ಹಿರಿಯರ ಕಾಲದಲ್ಲಿ ಯಾರೂ ಉಪಚಾರ ಮಾಡದೆಯೇ ಅಟ್ಟದ ಮರ ತಲೆಮಾರುಗಳ ಕಾಲ ಉಳಿದುದಕ್ಕೆ ದಿನವೂ ಉರಿಯುತ್ತಿದ್ದ ಒಲೆಯೇ ದೊಡ್ಡ ಕಾರಣ. ಬೆಂಕಿ ಪೂರ್ತಿ ಆರಿ ಬೂದಿ ತಣ್ಣಗಾಗುವ ತನಕ ತಂಡದವರು ಹೊರಡುವುದಿಲ್ಲವೆಂಬುದನ್ನೂ ಹೇಳಬೇಕು. ಮನೆಯೊಳಗೆ ಹೊಗೆ ಹಾಕುವ ಕೆಲಸವನ್ನು ನಂಬಿಕೆಯಿಂದ ಬೇರೆಯವರಿಗೆ ಒಪ್ಪಿಸಲು ಈ ಒಂದು ಶಿಸ್ತು ಬೇಕೇ ಬೇಕು.

ವಾರಕ್ಕೊಮ್ಮೆ ಎಂಬ ಲೆಕ್ಕಕ್ಕೆ ಇನ್ನೊಂದು ಪ್ರಯೋಜನವಿದೆ. ಡೆಂಗಿ ಹರಡುವ ಸೊಳ್ಳೆ ನಿಂತ ನೀರಿನಲ್ಲಿ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸುಮಾರು ಎಂಟು ಹತ್ತು ದಿನ ಬೇಕು. ಅಂಗಳದ ಕಲ್ಲುಮರಿಗೆ, ತೆಂಗಿನ ಚಿಪ್ಪು, ಹಳೆಯ ಬಾನಿಗಳಲ್ಲಿ ನಿಂತ ನೀರನ್ನು ಪ್ರತಿ ಸಲ ಚೆಲ್ಲಿದರೆ ಖಾಲಿ ಮನೆ ಊರಿಗೆ ಕಾಯಿಲೆ ಹಂಚುವ ಜಾಗವಾಗುವುದಿಲ್ಲ. ನೆರೆಮನೆಯ ಅಕ್ಕನವರು ಇದಕ್ಕಾಗಿಯೇ ನಮಗೆ ಫೋನು ಮಾಡಿ ಸಂತೋಷ ಹೇಳಿಕೊಂಡರು.

ವಿದ್ಯುತ್ತಿನ ವಿಷಯದಲ್ಲಿಯೂ ತೊಂದರೆಯಾಗಲಿಲ್ಲ. ಮೇನ್ ಸ್ವಿಚ್ ಆರಿಸಿ, ಟಿವಿ ಮತ್ತು ಪಂಪಿನ ಪ್ಲಗ್ ಕಿತ್ತು, ಫ್ರಿಜ್ಜಿನ ಬಾಗಿಲನ್ನು ಕೋಲು ಕೊಟ್ಟು ತೆರೆದಿಟ್ಟಿದ್ದರು.

ಇನ್ನು ಕೊರತೆಗಳು. ಮಳೆ ಬೀಳುವ ಪಶ್ಚಿಮದ ಗೋಡೆಗೆ ಎರಚಲು ತಾಗದಂತೆ ಇವರು ನೀಲಿ ಪ್ಲಾಸ್ಟಿಕ್ ತಾಡಪಾಲನ್ನು ಗೋಡೆಗೆ ಅಂಟಿಕೊಳ್ಳುವಂತೆ ಬಿಗಿದು ಕಟ್ಟಿದ್ದರು. ಚಿರೆಕಲ್ಲಿನ ಸಿಮೆಂಟು ಗೋಡೆಗಾದರೆ ಹೇಗೋ ನಡೆಯುತ್ತಿತ್ತು. ನಮ್ಮದು ಮಣ್ಣಿನ ಗೋಡೆ. ನೆಲದಿಂದ ಮೇಲೇರುವ ತೇವ ಹೊರಮೈಯಿಂದ ಆರಿಹೋಗಬೇಕು. ಪ್ಲಾಸ್ಟಿಕ್ಕಿನ ಹಿಂದೆ ಅದು ಹನಿಗಟ್ಟಿ ಮತ್ತೆ ಗೋಡೆಗೇ ಇಳಿಯಿತು. ಮಳೆ ಕಡಿಮೆಯಾದ ಮೇಲೆ ಬಿಚ್ಚಿ ನೋಡಿದಾಗ ಕೆಳಭಾಗದ ಗಿಲಾವು ಹಸಿರುಗಟ್ಟಿ, ಮುಟ್ಟಿದರೆ ಉದುರುತ್ತಿತ್ತು. ಆ ಮೂಲೆಯ ಕಿಟಕಿ ಚೌಕಟ್ಟಿಗೆ ಒರಲೆ ಹತ್ತಿತ್ತು. ಮೊದಲು ಮಲೆನಾಡಿನ ಬಹಳಷ್ಟು ಮನೆಗಳಿಗೆ ಅಡಿಕೆ ದಬ್ಬೆಯ ಚೌಕಟ್ಟಿಗೆ ಸೋಗೆ (ಅಡಿಕೆ ಮರದ ಗರಿ) ಹೆಣೆದ ತಟ್ಟಿ ಕಟ್ಟುತ್ತಿದ್ದರು. ಸೋಗೆ ತಟ್ಟಿ ಗೋಡೆಯಿಂದ ಅಂಗುಲಗಟ್ಟಲೆ ದೂರ ನಿಲ್ಲುತ್ತದೆ, ನೀರನ್ನು ತಡೆದು ಗಾಳಿಯನ್ನು ಬಿಡುತ್ತದೆ, ಮಳೆಗಾಲ ಮುಗಿದರೆ ತೋಟಕ್ಕೆ ಗೊಬ್ಬರವಾಗುತ್ತದೆ. ಕಟ್ಟುವವರು ಕಡಿಮೆಯಾಗಿದ್ದಾರೆ, ಕೂಲಿ ಹೆಚ್ಚಾಗುತ್ತದೆ ಎಂದು ತಂಡದವರು ಹೇಳಿದ್ದು ನಿಜ. ಆದರೂ ಮಣ್ಣಿನ ಗೋಡೆಯ ಮನೆಗೆ ಬೇರೆ ಉಪಾಯ ನನಗೆ ತೋರುವುದಿಲ್ಲ. ತಾಡಪಾಲೇ ಆಗಬೇಕೆಂದಿದ್ದರೆ ಮಾಡಿನ ಅಂಚಿನಿಂದ ಓರೆಯಾಗಿ ಇಳಿಬಿಟ್ಟು, ಕೆಳಗೂ ಪಕ್ಕಕ್ಕೂ ಗಾಳಿಗೆ ಜಾಗ ಬಿಡಬೇಕು.

ತೇವ ಹೀರಲೆಂದು ಇಟ್ಟ ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿಗಳ ಬಗ್ಗೆಯೂ ಒಂದು ಮಾತು. ಬಾಗಿಲು ಭದ್ರವಾಗಿ ಮುಚ್ಚುವ ಕಪಾಟಿನೊಳಗೆ ಅವು ನಿಜವಾಗಿಯೂ ಕೆಲಸ ಮಾಡಿದವು. ರೇಷ್ಮೆ ಸೀರೆಗಳೂ ಹಳೆಯ ದಸ್ತಾವೇಜುಗಳೂ ಒಣಗಿಯೇ ಇದ್ದವು. ಅದೇ ಡಬ್ಬಿಗಳನ್ನು ನಡುಮನೆಯಲ್ಲೂ ಜಗಲಿಯಲ್ಲೂ ಸಾಲಾಗಿಟ್ಟು ಬಿಲ್ಲಿಗೆ ಸೇರಿಸಿದ್ದು ಮಾತ್ರ ವ್ಯರ್ಥ ಖರ್ಚು. ಹಂಚಿನ ಸಂದಿಯಿಂದ ಹೊರಗಿನ ಗಾಳಿ ಸದಾ ಒಳಬರುವ ಮನೆಯಲ್ಲಿ ಡಬ್ಬಿ ಬೇಗನೆ ನೀರು ತುಂಬಿ ನಿಲ್ಲುತ್ತದೆ, ಕೋಣೆಯ ತೇವ ಇದ್ದಷ್ಟೇ ಇರುತ್ತದೆ.

ಎಲ್ಲಕ್ಕಿಂತ ಹೆಚ್ಚು ನನಗೆ ಚಿಂತೆಯಾದದ್ದು ಮನೆಯ ಹಿಂದಿನ ಧರೆಯ, ಅಂದರೆ ಮಣ್ಣು ಕತ್ತರಿಸಿದ ಕಡಿದಾದ ದಿಬ್ಬದ, ವಿಷಯ. ವಾರದ ಭೇಟಿಯ ಫೋಟೋಗಳಲ್ಲಿ ಜಗಲಿ, ನಡುಮನೆ, ಅಟ್ಟ ಎಲ್ಲ ಬರುತ್ತಿದ್ದವು, ಹಿತ್ತಿಲು ಮಾತ್ರ ಬರುತ್ತಿರಲಿಲ್ಲ. ಪುಷ್ಯ ಮಳೆಯ ಹೊತ್ತಿಗೆ ಅಡುಗೆಮನೆಯ ನೆಲದಲ್ಲಿ ಜಲ ಎದ್ದಿದೆಯೆಂದು ತಿಳಿಸಿದರು. ನಾವು ಕೇಳಿಕೊಂಡ ಮೇಲೆ ಹಿಂದೆ ಹೋಗಿ ನೋಡಿದಾಗ, ಧರೆಗೂ ಗೋಡೆಗೂ ನಡುವಿನ ಗಟಾರ ಸಣ್ಣದಾಗಿ ಕುಸಿದ ಮಣ್ಣಿನಿಂದ ಕಟ್ಟಿಕೊಂಡಿತ್ತು. ಅದೇ ದಿನ ಮಣ್ಣು ತೆಗೆದು ನೀರು ಬಿಡಿಸಿದರು, ಎರಡನೆಯ ಮಾತಿಲ್ಲದೆ ಮಾಡಿದರು. ಆದರೆ 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಜೀವಗಳು ಹೋದುದನ್ನು ಕಂಡಿರುವ ಈ ಜಿಲ್ಲೆಯಲ್ಲಿ, ಮನೆ ಕಾಯುವವರು ಮೊದಲು ನೋಡಬೇಕಾದ ಜಾಗ ಹಿತ್ತಿಲೇ. ಮಣ್ಣು ಕತ್ತರಿಸಿದ ಧರೆಯ ನೆತ್ತಿಯಲ್ಲಿ ಬಿರುಕು ಕಂಡಿತೇ, ಅದರ ಬುಡದಿಂದ ಕೆಸರುನೀರು ಬರುತ್ತಿದೆಯೇ, ಮರಗಳು ವಾಲಿವೆಯೇ ಎಂಬುದನ್ನು ಪ್ರತಿ ಭೇಟಿಯಲ್ಲೂ ಗಮನಿಸಿ ತಿಳಿಸಬೇಕು. ಅಂಥ ಗುರುತು ಕಂಡರೆ ತಂಡದವರು ಮನೆಯೊಳಗೆ ಹೋಗಲೇಬಾರದು. ಮನೆಗಿಂತ ಆ ಹುಡುಗರು ಮುಖ್ಯ.

ಅವರು ತಿಂಗಳಿಗೆ ತೆಗೆದುಕೊಂಡದ್ದು 3,000 ರೂಪಾಯಿ. ಹಂಚು, ತಗಡು, ಕಟ್ಟಿಗೆ ಮತ್ತು ಹಂಚಿನ ಕೆಲಸದ ಕೂಲಿ ಬೇರೆ. ಘಟ್ಟದ ರಸ್ತೆಗಳಲ್ಲಿ ಮಳೆಯಲ್ಲಿ ಬೈಕಿನಲ್ಲಿ ಬಂದು ಹೋಗುವ ಶ್ರಮಕ್ಕೆ ಇದು ದುಬಾರಿಯಲ್ಲ. ತಾರಸಿ ಮನೆಯವರಿಗೆ, ಹತ್ತಿರದಲ್ಲೇ ನಂಬಿಕೆಯ ನೆಂಟರಿರುವವರಿಗೆ ಇದರ ಅಗತ್ಯ ಇರಲಿಕ್ಕಿಲ್ಲ. ಹಂಚಿನ ಮಾಡು, ಮಣ್ಣಿನ ಗೋಡೆ, ಮರದ ಅಟ್ಟವಿರುವ ಮನೆಯವರು ಧೈರ್ಯವಾಗಿ ಒಪ್ಪಿಸಬಹುದು. ಒಪ್ಪಂದದಲ್ಲಿ ವಾರದ ಭೇಟಿ, ಒಲೆಯ ಬೆಂಕಿ, ಹಿತ್ತಿಲಿನ ಫೋಟೋ ಈ ಮೂರನ್ನು ಬಾಯಿಮಾತಿನಲ್ಲಿ ಬಿಡದೆ ಬರೆಸಿಕೊಳ್ಳಬೇಕು. ಬರುವ ವರ್ಷಕ್ಕೆ ನಾವು ತಾಡಪಾಲಿನ ಬದಲು ಸೋಗೆ ತಟ್ಟಿಯನ್ನು ಕೇಳಿದ್ದೇವೆ, ಅವರೂ ಒಪ್ಪಿದ್ದಾರೆ. ಸೋಗೆಯನ್ನು ಬೇಸಿಗೆಯಲ್ಲೇ ಒಣಗಿಸಿ ಇಡಬೇಕಾದ್ದರಿಂದ ತಟ್ಟಿ ಬೇಕೆನ್ನುವವರು ಮಾರ್ಚ್‌ನಲ್ಲಿಯೂ, ಬರೀ ಹಂಚಿನ ಕೆಲಸ ಸಾಕೆನ್ನುವವರು ಏಪ್ರಿಲ್ ಮುಗಿಯುವುದರೊಳಗೂ ತಿಳಿಸಬೇಕೆಂದು ಹೇಳಿದ್ದಾರೆ.