ಕಾಲು ಮುರಿದಾಗ ‘ಆಟೋದಲ್ಲಿ ಬನ್ನಿ, ದುಡ್ಡು ಆಮೇಲೆ ಕೊಡ್ತೀವಿ’ ಅಂದರೆ ಒಪ್ಪಬೇಡಿ

ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಿದ್ದು ಕೈಕಾಲು ಮುರಿದುಕೊಂಡವರು, ಅದರಲ್ಲೂ ಇಎಸ್‌ಐ (ತಿಂಗಳ ಸಂಬಳದಿಂದ ದುಡ್ಡು ಹಿಡಿಯುವ ಕಾರ್ಮಿಕರ ಸರ್ಕಾರಿ ವಿಮೆ) ಇರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದ ಎರಡು ಮೂರು ದಿನಕ್ಕೆ ಕಂಪನಿಯಿಂದ ಫೋನ್ ಬರುತ್ತದೆ. ‘ಕೂತು ಮಾಡೋ ಕೆಲಸ ತಾನೇ ಮೇಡಂ, ಆಟೋದಲ್ಲಿ ಬನ್ನಿ, ದುಡ್ಡು ಆಮೇಲೆ ಕೊಡ್ತೀವಿ.’ ಬರೀ ಬಾಯಿಮಾತಿಗೆ ಹೂಂ ಅನ್ನಬೇಡಿ. ಆ ಒಂದು ಮಾತಿನಿಂದ ನನಗೆ ಎರಡೂ ಕಡೆಯಿಂದ ನಷ್ಟವಾಗಿದೆ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಲೆಕ್ಕ ನೋಡಿಕೊಳ್ಳುತ್ತೇನೆ. ಮನೆ ಮಾಗಡಿ ರಸ್ತೆ ಟೋಲ್‌ಗೇಟ್ ಕಡೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿಗೆ ಒಂದು ರೂಪಾಯಿ ಖರ್ಚಿರಲಿಲ್ಲ. ಅವತ್ತು ಬಸ್ ಇಳಿದು ನಡೆಯುವಾಗ ಮೋರಿ ಮೇಲಿನ ಚಪ್ಪಡಿ ಮಗುಚಿ ಕಾಲು ಒಳಗೆ ಸಿಕ್ಕಿಕೊಂಡಿತು. ಪಾದದ ಗಂಟಿನ ಹತ್ತಿರ ಮೂಳೆ ಮುರಿಯಿತು. ಮೊಣಕಾಲಿನ ತನಕ ಪ್ಲಾಸ್ಟರ್, ಜೊತೆಗೆ ಎರಡು ಊರುಗೋಲು.

ಊರುಗೋಲು ಹಿಡಿದು ಬೆಳಗ್ಗೆ ರಶ್ಶಿನಲ್ಲಿ ಬಸ್ ಹತ್ತುವುದು ಆಗದ ಮಾತು. ಕಂಬಿ ಹಿಡಿಯೋಕೆ ಕೈ ಬೇಕಲ್ವಾ? ಮೆಟ್ರೋದಲ್ಲಿ ಲಿಫ್ಟ್ ಇದೆ ನಿಜ. ಆದರೆ ಮನೆಯಿಂದ ಸ್ಟೇಷನ್ನಿಗೆ ಆಟೋ, ಮೆಜೆಸ್ಟಿಕ್‌ನಲ್ಲಿ ಆ ಜನರ ನಡುವೆ ಲೈನ್ ಬದಲಾಯಿಸಬೇಕು, ಪೀಣ್ಯದಲ್ಲಿ ಇಳಿದು ಮತ್ತೆ ಆಟೋ. ಕೊನೆಗೆ ಮನೆ ಬಾಗಿಲಿಂದ ಗೇಟಿನ ತನಕ ಆಟೋ ಒಂದೇ ದಾರಿ. ಸೀಟಿನಲ್ಲಿ ಅಡ್ಡ ಕೂತು, ಪ್ಲಾಸ್ಟರ್ ಕಾಲು ಸೀಟಿನ ಮೇಲೆ ಚಾಚಿ, ಊರುಗೋಲು ತೊಡೆ ಮೇಲೆ ಇಟ್ಟುಕೊಂಡು, ರಸ್ತೆಯ ಪ್ರತಿ ಹಂಪ್‌ಗೂ ಹಲ್ಲು ಕಚ್ಚಿಕೊಂಡು ಹೋಗುತ್ತಿದ್ದೆ. ಸಂಜೆ ಹೊತ್ತಿಗೆ ಪ್ಲಾಸ್ಟರಿನಿಂದ ಹೊರಗಿದ್ದ ಬೆರಳುಗಳು ಊದಿಕೊಂಡು ಚರ್ಮ ಹೊಳೆಯುತ್ತಿತ್ತು.

ಈಗ ದುಡ್ಡಿನ ಲೆಕ್ಕ ನೋಡಿ. ಬೆಂಗಳೂರಲ್ಲಿ 2025ರ ಆಗಸ್ಟ್ 1ರಿಂದ ಆಟೋ ದರ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಹತ್ತು ಕಿಲೋಮೀಟರಿಗೆ ಮೀಟರ್ ಪ್ರಕಾರವೇ 180, ಹೋಗಿ ಬರೋಕೆ 360. ಮೀಟರ್ ಹಾಕುವವರು ಸಿಕ್ಕರೆ ಈ ಲೆಕ್ಕ, ಇಲ್ಲದಿದ್ದರೆ ಇನ್ನೂ ಜಾಸ್ತಿ. ತಿಂಗಳಿಗೆ 26 ದಿನ ಅಂದರೆ 9,360 ರೂಪಾಯಿ. ಸಂಬಳ 20,000 ಇದ್ದರೆ ಹೆಚ್ಚುಕಡಿಮೆ ಅರ್ಧ ಆಟೋಗೇ ಹೋಯಿತು.

ಬಿಲ್ಲುಗಳನ್ನೆಲ್ಲ ಜೋಡಿಸಿ ಕೊಟ್ಟಾಗ ‘ಹೆಡ್ ಆಫೀಸ್ ಒಪ್ಪಲಿಲ್ಲ, ಇದಕ್ಕೆ ಅವಕಾಶ ಇಲ್ಲ’ ಅಂದರು. ಫೋನ್ ಮಾಡಿ ಕರೆದವರು ಹಾಗೆ ಹೇಳಿದ ನೆನಪೇ ಇಲ್ಲ ಅಂದರು. ನನ್ನ ಹತ್ತಿರ ಬರೆದ ಒಂದು ಸಾಲೂ ಇರಲಿಲ್ಲ.

ಎರಡನೆಯ ನಷ್ಟ ಇದಕ್ಕಿಂತ ದೊಡ್ಡದು. ಮೊದಲ ದಿನವೇ ಎಚ್‌ಆರ್‌ನವರು ‘ಗೇಟಿನ ಹೊರಗೆ ಬಿದ್ದಿದ್ದೀರಿ, ಅದು ಇಎಸ್‌ಐಗೆ ಬರಲ್ಲ’ ಅಂದಿದ್ದರು. ಇದು ಶುದ್ಧ ತಪ್ಪು. 2010ರಲ್ಲಿ ಇಎಸ್‌ಐ ಕಾಯ್ದೆಗೆ ತಿದ್ದುಪಡಿ ಬಂದಿದೆ. ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸ ಮುಗಿಸಿ ಬರುವಾಗ ಅಪಘಾತ ಆದರೂ, ಹೊತ್ತು, ಜಾಗ, ಸಂದರ್ಭ ಕೆಲಸಕ್ಕೆ ಹೊಂದುವಂತಿದ್ದರೆ ಅದನ್ನು ಕೆಲಸದಲ್ಲಿ ಆದ ಗಾಯ ಅಂತಲೇ ಲೆಕ್ಕ ಹಾಕುತ್ತಾರೆ. ಬರೀ ಕಾಯಿಲೆ ರಜೆ ಆದರೆ ಸಂಬಳದ ಶೇ. 70, ಅದೂ ವರ್ಷಕ್ಕೆ 91 ದಿನ. ಕೆಲಸದ ಗಾಯಕ್ಕೆ ಶೇ. 90, ಕೆಲಸ ಮಾಡೋಕೆ ಆಗದಷ್ಟು ದಿನವೂ. ಕೆಲಸಕ್ಕೆ ಸೇರಿ ಇಷ್ಟು ತಿಂಗಳಾಗಿರಬೇಕು ಅನ್ನುವ ಷರತ್ತೂ ಇದಕ್ಕಿಲ್ಲ. ಅಪಘಾತದ ದಿನ ಬಿಟ್ಟು ಕನಿಷ್ಠ 3 ದಿನ ಕೆಲಸ ಮಾಡಲಾಗದ ಸ್ಥಿತಿ ಇರಬೇಕು ಅಷ್ಟೇ.

ಆದರೆ ಸಂಬಳಕ್ಕೆ ಕೆಲಸ ಮಾಡಿದ ದಿನಗಳಿಗೆ ಆ ದುಡ್ಡು ಸಿಗುವುದಿಲ್ಲ. ‘ಆಟೋದಲ್ಲಿ ಬನ್ನಿ’ ಅನ್ನುವ ಮಾತಿನ ಅಪಾಯ ಇರುವುದು ಇಲ್ಲೇ. ಮನೆಯಲ್ಲಿ ಕಾಲು ಎತ್ತಿಟ್ಟುಕೊಂಡು ಮಲಗಿದ್ದರೆ 20,000ಕ್ಕೆ ಸುಮಾರು 18,000 ಬರುತ್ತಿತ್ತು. ನೋವು ತಿಂದು ಹೋಗಿ ಬಂದರೆ ಆಟೋ ಕಳೆದು ಕೈಗೆ 10,640. ಯಾವ ನ್ಯಾಯ ಇದು! 20,000 ಸಂಬಳದವರಿಂದ ತಿಂಗಳು ತಿಂಗಳೂ 150 ರೂಪಾಯಿ ಇಎಸ್‌ಐಗೆ ಅಂತ ಹಿಡಿದಿರುತ್ತಾರೆ. ಅದು ನಿಮ್ಮದೇ ದುಡ್ಡು, ಕೇಳೋಕೆ ಸಂಕೋಚ ಬೇಡ.

ಹಾಗಾಗಿ ಬಿದ್ದ ದಿನವೇ, ಆಗದಿದ್ದರೆ ಮನೆಯವರ ಕೈಲಾದರೂ, ಎಲ್ಲಿ ಎಷ್ಟು ಹೊತ್ತಿಗೆ ಹೇಗೆ ಬಿದ್ದಿರಿ ಅಂತ ಕಂಪನಿಗೆ ವಾಟ್ಸಾಪ್ ಅಥವಾ ಇಮೇಲ್ ಮಾಡಿಸಿ, ಅಪಘಾತದ ವರದಿಯನ್ನು ಇಎಸ್‌ಐಗೆ ಕಳಿಸಿ ಅಂತ ಅದರಲ್ಲೇ ಕೇಳಿ. ಬಸ್ ಟಿಕೆಟ್ ಬಿಸಾಡಬೇಡಿ. ಹೆಂಗಸರಿಗೆ ಕೊಡುವ ಉಚಿತ ಟಿಕೆಟ್ ಆದರೂ ಸರಿ, ಮೆಷಿನ್ನಿಂದ ಬಂದಿದ್ದರೆ ದಿನ, ಹೊತ್ತು ಎರಡೂ ಅದರ ಮೇಲಿರುತ್ತದೆ. ಮುರಿದ ಚಪ್ಪಡಿಯ ಫೋಟೋ ತೆಗೆಸಿ. ಪ್ಲಾಸ್ಟರ್ ಖಾಸಗಿ ಆಸ್ಪತ್ರೆಯಲ್ಲಿ ಹಾಕಿಸಿದ್ದರೂ ಬೇಗ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ ಅಲ್ಲಿನ ಡಾಕ್ಟರ್ ಹತ್ತಿರ ಸರ್ಟಿಫಿಕೇಟ್ ಬರೆಸಿ. ಕಂಪನಿ ನಿಮ್ಮ ಮಾತು ಕೇಳದಿದ್ದರೆ ನೇರವಾಗಿ ಇಎಸ್‌ಐ ಶಾಖಾ ಕಚೇರಿಗೆ ಅರ್ಜಿ ಕೊಡಿ.

ಸಂಬಳ 21,000ಕ್ಕಿಂತ ಜಾಸ್ತಿ ಇದ್ದು ಇಎಸ್‌ಐ ಇಲ್ಲದವರಿಗೂ ಒಂದು ಮಾತು. ಗಾಡಿ ಇನ್ಶೂರೆನ್ಸ್ ಜೊತೆ ಬರುವ 15 ಲಕ್ಷದ ಅಪಘಾತ ವಿಮೆ ಸಾವಿಗೆ, ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಮುರಿದು ಕೂಡಿಕೊಳ್ಳುವ ಮೂಳೆಗೆ ಅದರಿಂದ ಏನೂ ಬರಲ್ಲ. ಬೇರೆ ವೈಯಕ್ತಿಕ ಅಪಘಾತ ಪಾಲಿಸಿ ಇದ್ದರೆ ಅದರಲ್ಲಿ ವಾರಕ್ಕಿಷ್ಟು ಅಂತ ಕೊಡುವ ಸೌಲಭ್ಯ ಇದೆಯಾ ನೋಡಿ. ಬೇರೆ ಗಾಡಿ ಗುದ್ದಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ 6 ತಿಂಗಳ ಒಳಗೆ ಅರ್ಜಿ ಹಾಕಬೇಕು. ಅಲ್ಲಿ ಓಡಾಟದ ಖರ್ಚನ್ನೂ ಕೇಳಬಹುದು, ಅದಕ್ಕೇ ಆಟೋ ಆಪ್‌ನ ಬಿಲ್ಲುಗಳನ್ನು ಜೋಪಾನ ಮಾಡಿ.

ನನ್ನ ವರದಿಯನ್ನು ಕಂಪನಿಯವರು ಕಳಿಸಿದ್ದು ಪ್ಲಾಸ್ಟರ್ ಬಿಚ್ಚಿದ ಮೇಲೆ. ಮನೆಯಲ್ಲಿದ್ದ ಮೊದಲ ದಿನಗಳಿಗಾದರೂ ದುಡ್ಡು ಕೊಡಿ ಅಂತ ಇಎಸ್‌ಐಗೆ ಅರ್ಜಿ ಹಾಕಿದ್ದೇನೆ. ಆಟೋ ದುಡ್ಡು ಕೇಳಿ ಕಂಪನಿಗೆ ಬರೆದ ಇಮೇಲ್‌ಗೆ ಇನ್ನೂ ಉತ್ತರ ಬಂದಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಪೀಣ್ಯ, ಬೊಮ್ಮಸಂದ್ರದ ಕಡೆ ಕೆಲಸಕ್ಕೆ ಹೋಗುತ್ತಿದ್ದರೆ ಅವರ ಇಎಸ್‌ಐ ನಂಬರನ್ನು ಇವತ್ತೇ ನಿಮ್ಮ ಫೋನಿನಲ್ಲೂ ಬರೆದಿಟ್ಟುಕೊಳ್ಳಿ.