ಡಂಜನ್ ನಕ್ಷೆಗೆ 5 ಮಿ.ಮೀ. ಚೌಕದ ಪುಸ್ತಕ: ಕೊಳ್ಳಬಹುದೇ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂದರೆ ಮಾತು, ಕಲ್ಪನೆ, ದಾಳಗಳಲ್ಲಿ ನಡೆಯುವ ಸಾಹಸದ ಆಟ. ಅದರ ಹಳೇ ಶೈಲಿಯಲ್ಲಿ ಆಟಗಾರರ ತಂಡ ಡಂಜನ್‌ನಿಂದ (ನೆಲದಡಿಯ ಕೋಣೆ-ದಾರಿಗಳ ಜಾಲ) ಜೀವಸಹಿತ ಹೊರಬರುವುದು ಹೆಚ್ಚಾಗಿ ಮ್ಯಾಪರ್, ಅಂದರೆ ವಿವರಣೆ ಕೇಳುತ್ತಾ ನಕ್ಷೆ ಬರೆಯುವ ಆಟಗಾರ, ಬರೆದ ನಕ್ಷೆಯ ಬಲದಿಂದ. ಮಂಗಳೂರಿನ ಹಂಪನಕಟ್ಟೆಯಲ್ಲಾಗಲಿ ಮಣಿಪಾಲದಲ್ಲಾಗಲಿ ಸ್ಟೇಷನರಿ ಅಂಗಡಿಯಲ್ಲಿ ಬರೀ ‘ಗ್ರಾಫ್ ಪುಸ್ತಕ’ ಎಂದು ಕೇಳಿದರೆ ಶಾಲೆಯ ಮಿಲಿಮೀಟರ್ ಗ್ರಾಫ್ ಕೊಡುತ್ತಾರೆ. ಅದು ಬೇಡ. ಎ4 ಗಾತ್ರದ, 5 ಮಿ.ಮೀ. ಚೌಕದ ಸ್ಪೈರಲ್ ಪುಸ್ತಕ ಎಂದೇ ಬಿಡಿಸಿ ಕೇಳಿ.

ಮಿಲಿಮೀಟರ್ ಗ್ರಾಫ್‌ನ ಒತ್ತೊತ್ತಾದ ಗೆರೆಗಳ ನಡುವೆ ಪೆನ್ಸಿಲ್ ಗೆರೆ ಕಾಣುವುದೇ ಇಲ್ಲ. ಚೌಕ ಎಣಿಸುತ್ತಾ ಕೂತರೆ, ಆಟ ನಡೆಸುತ್ತಾ ದಾರಿಯನ್ನು ಬಾಯಲ್ಲಿ ವಿವರಿಸುವ ಡಿಎಂ (ಡಂಜನ್ ಮಾಸ್ಟರ್) ಮುಂದಿನ ಕೋಣೆಗೆ ಹೋಗಿಯಾಗಿರುತ್ತದೆ. 1 ಸೆಂ.ಮೀ. ಚೌಕದ ಪುಟ ಕಣ್ಣಿಗೆ ಹಿತ, ಆದರೆ ಎ4ರಲ್ಲಿ ಹಿಡಿಸುವುದು ಸುಮಾರು 20 × 28 ಚೌಕ ಮಾತ್ರ. 5 ಮಿ.ಮೀ. ಆದರೆ ಅಂಚು ಬಿಟ್ಟೂ 40 × 55 ಸಿಗುತ್ತದೆ. ಚೌಕಕ್ಕೆ 10 ಅಡಿ ಲೆಕ್ಕದಲ್ಲಿ 400 × 550 ಅಡಿ. ಡಂಜನ್‌ನ ಸಾಧಾರಣ ಗಾತ್ರದ ಒಂದು ಅಂತಸ್ತಿಗೆ ಧಾರಾಳ.

ಈ ಪುಸ್ತಕದ ನಿಜವಾದ ಲಾಭ ಇರುವುದು ಲೆಕ್ಕ ಇಡುವುದರಲ್ಲಿ. ಈ ಆಟದ 1981ರ ‘ಬೇಸಿಕ್’ ನಿಯಮಗಳಲ್ಲಿ ಒಂದು ಟರ್ನ್ ಎಂದರೆ ಆಟದೊಳಗಿನ 10 ನಿಮಿಷ. ಭಾರವಿಲ್ಲದವರು ಟರ್ನ್‌ಗೆ 120 ಅಡಿ ನಡೆದರೆ, ಲೋಹದ ಕವಚ ತೊಟ್ಟವರು 60 ಅಡಿ, ಅಂದರೆ 6 ಚೌಕ. ತಂಡ ನಡೆಯುವುದು ಎಲ್ಲರಿಗಿಂತ ನಿಧಾನದವರ ವೇಗದಲ್ಲೇ. ದೊಂದಿ ಉರಿಯುವುದು 6 ಟರ್ನ್, ಅದರಲ್ಲಿ ಒಂದು ವಿಶ್ರಾಂತಿಗೆ ಹೋಗುತ್ತದೆ. ಹಾಗಾಗಿ ಕವಚಧಾರಿಗಳಿರುವ ತಂಡಕ್ಕೆ ಒಂದು ದೊಂದಿಯ ಬೆಳಕಿನಲ್ಲಿ ದಕ್ಕುವುದು 30 ಚೌಕ, ಅದೂ ಎಲ್ಲೂ ನಿಂತು ಹುಡುಕದಿದ್ದರೆ. ಬಲಬದಿಯ ಎರಡು ಸಾಲು ಚೌಕಗಳನ್ನು ಇದಕ್ಕೇ ಮೀಸಲಿಡಿ: ಟರ್ನ್‌ಗೊಂದು ಗೀಟು, ಎರಡು ಗೀಟಿಗೊಮ್ಮೆ ಅಲೆಮಾರಿ ರಾಕ್ಷಸರು ಎದುರಾಗುತ್ತಾರೋ ಎಂದು ನೋಡುವ ದಾಳ, ಆರನೆಯದಕ್ಕೆ ಹೊಸ ದೊಂದಿ. ವಾಪಸು ಹೋಗಲು ಎಷ್ಟು ಬೆಳಕು ಬೇಕು ಎಂಬುದು ಅದೇ ಪುಟದಲ್ಲಿ ಸಿಗುತ್ತದೆ.

ನಕ್ಷೆ ಕೆಡುವುದು ಬಹುಪಾಲು ತಿರುವಿನಲ್ಲಿ. ಡಿಎಂ ‘60 ಅಡಿ ಉತ್ತರಕ್ಕೆ, ಆಮೇಲೆ ಪೂರ್ವಕ್ಕೆ’ ಎಂದಾಗ ಮೂಲೆಯ ಚೌಕ ಆ 60ರೊಳಗೆ ಸೇರಿದೆಯೋ ಇಲ್ಲವೋ ಎಂದು ಕೇಳಲೇಬೇಕು. ಕೇಳದಿದ್ದರೆ ತಿರುವಿಗೊಂದು ಚೌಕ ಜಾರುತ್ತದೆ. ನಾಲ್ಕು ತಿರುವು ದಾಟುವಷ್ಟರಲ್ಲಿ ಒಂದು ಕೋಣೆ ಇನ್ನೊಂದರ ಮೇಲೆ ಹತ್ತಿ ಕೂತಿರುತ್ತದೆ. ಓರೆ ದಾರಿಯಲ್ಲಿ ಚೌಕದ ಕರ್ಣ 10 ಅಡಿಯಲ್ಲ, ಸುಮಾರು 14 ಅಡಿ. ಮೂರು ಚೌಕಕ್ಕೆ 42. ಬಾಗಿಲನ್ನು ‘ಗೋಡೆಯ ನಡುವೆ’ ಎಂದು ಬಿಡದೆ ಯಾವ ಮೂಲೆಯಿಂದ ಎಷ್ಟು ಅಡಿ ಎಂದು ಕೇಳಿ. ಇಷ್ಟು ಮಾಡಿದ ನಕ್ಷೆಯಲ್ಲಿ ನಾಲ್ಕೂ ಕಡೆ ಕೋಣೆಗಳಿದ್ದು ನಡುವೆ 3 × 3 ಚೌಕ ಖಾಲಿ ಉಳಿದರೆ, ಗುಪ್ತ ಬಾಗಿಲು ಹುಡುಕಬೇಕಾದ ಜಾಗ ಅದೇ. ಹುಡುಕಾಟಕ್ಕೆ ಟರ್ನ್ ಖರ್ಚಾಗುತ್ತದೆ, ಬಾಗಿಲು ಸಿಗುವುದಕ್ಕೆ ಆರರಲ್ಲಿ ಒಂದೇ ಅವಕಾಶ (ಎಲ್ಫ್ ಜಾತಿಯ ಪಾತ್ರಗಳಿಗೆ ಎರಡು), ಆದ್ದರಿಂದ ಕಂಡಕಂಡ ಗೋಡೆ ತಟ್ಟುವುದು ದುಬಾರಿ.

ಕೊರತೆಗಳೂ ಇವೆ. ಪುಟಸಂಖ್ಯೆ ಇರುವುದಿಲ್ಲ, ದಾರಿ ಹಾಳೆಯ ಅಂಚು ಮುಟ್ಟಿದಲ್ಲಿ ‘ಪುಟ 4, ಎಡಗಡೆಯಿಂದ 12ನೇ ಚೌಕ’ ಎಂದು ನೀವೇ ಬರೆದುಕೊಳ್ಳಬೇಕು. ತೆಳು ಹಾಳೆಯಲ್ಲಿ ಜೆಲ್ ಪೆನ್ನಿನ ಮಸಿ ಹಿಂಬದಿಗೆ ಇಳಿಯುತ್ತದೆ. ನಮ್ಮ ಕರಾವಳಿಯ ಆಷಾಢದಲ್ಲಂತೂ ಕಾಗದ ತಣ್ಣಗೆ ಮೆತ್ತಗಾಗಿ, 0.5ರ ಪೆನ್ ಪೆನ್ಸಿಲ್ ಹಾಳೆಯನ್ನೇ ಸೀಳುತ್ತದೆ. ರಬ್ಬರ್ ಹಾಕಿದ ಕಡೆ ನಾರು ಏಳುತ್ತದೆ. 0.7ರ ಎಚ್‌ಬಿ ಸರಿಹೋಗುತ್ತದೆ. 2ಬಿ ಬೇಡ, ಬೆವರಿದ ಅಂಗೈ ತಾಗಿ ಪುಟವೆಲ್ಲ ಕಪ್ಪಾಗುತ್ತದೆ. ಆಟ ಮುಗಿದ ಮೇಲೆ ಪುಸ್ತಕ ಪ್ಲಾಸ್ಟಿಕ್ ಫೋಲ್ಡರಿನೊಳಗೆ ಹೋಗಲಿ. ಗೆರೆಗಳು ತಿಳಿ ನೀಲಿಯಾಗಿರುವುದನ್ನೇ ಆರಿಸಿ: ಜೆರಾಕ್ಸ್ ತೆಗೆದಾಗ ಅವು ಮಸುಕಾಗಿ ಗೋಡೆಗಳು ಎದ್ದು ಕಾಣುತ್ತವೆ.

ಆಟಗಾರರಿಗೆ ಇದಕ್ಕಿಂತ ಒಳ್ಳೆಯ ಪುಸ್ತಕ ಬೇಕಿಲ್ಲ. ಮಿಲಿಮೀಟರ್ ಗ್ರಾಫ್ ಈಗಾಗಲೇ ಕೊಂಡಿದ್ದರೆ ಡಿಎಂಗೆ ಕೊಡಿ. ಮನೆಯಲ್ಲಿ ಪುರುಸೊತ್ತಾಗಿ ಕೂತು ಅಂಕುಡೊಂಕಿನ ಗುಹೆ ಬರೆಯುವವರಿಗೆ ಆ ಸಣ್ಣ ಗೆರೆಗಳು ಉಪಯೋಗಕ್ಕೆ ಬರುತ್ತವೆ.